ಫಿಟ್ಸ್ ಮಾತ್ರೆ: ತಪ್ಪದಂತೆ, ತಪ್ಪಾಗದಂತೆ ತೆಗೆದುಕೊಳ್ಳುವ ಬಗೆ

ಎರಡು ಮೂರು ವರ್ಷ ಹತೋಟಿಯಲ್ಲಿದ್ದ ಫಿಟ್ಸ್ ಇದ್ದಕ್ಕಿದ್ದಂತೆ ಮರುಕಳಿಸಿದಾಗ ವೈದ್ಯರು ಮೊದಲು ಕೇಳುವುದು ಇದನ್ನೇ: ಈ ವಾರ ಮಾತ್ರೆ ತಪ್ಪಿತ್ತಾ? ಬಹಳ ಸಲ ತಪ್ಪಿರುತ್ತದೆ. ಸ್ಟ್ರಿಪ್ ಮುಗಿದು ಎರಡು ದಿನವಾಗಿತ್ತು, ಮಳೆ ಅಂತ ಪೇಟೆಗೆ ಬರಲಾಗಲಿಲ್ಲ. ನಾಯಕನಹಟ್ಟಿ ಜಾತ್ರೆಗೆ ಹೊರಟಾಗ ಡಬ್ಬಿ ಮನೆಯಲ್ಲೇ ಉಳಿಯಿತು. ಮದುವೆ ಮನೆಯಲ್ಲಿ ನೆಂಟರ ಮುಂದೆ ನುಂಗಲು ಸಂಕೋಚವಾಯಿತು. ಇಂಥ ಕಡೆ ಕಾಯಿಲೆ ಹೆಚ್ಚಾಗಿರುವುದಿಲ್ಲ, ರಕ್ತದಲ್ಲಿ ಔಷಧದ ಮಟ್ಟ ಇಳಿದಿರುತ್ತದೆ. ಆ ಮಟ್ಟ ಇಳಿಯದಂತೆ, ಅಳತೆ ಮೀರಿ ಏರದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ದಾವಣಗೆರೆ, ಚಿತ್ರದುರ್ಗ ಸೀಮೆಯ ದಿನಚರಿಗೆ ಹೊಂದುವಂತೆ ಇಲ್ಲಿ ಬರೆದಿದೆ. ಯಾವ ಮಾತ್ರೆ, ಎಷ್ಟು ಎಂ.ಜಿ. ಎನ್ನುವುದು ನಿಮ್ಮನ್ನು ನೋಡುತ್ತಿರುವ ವೈದ್ಯರ ತೀರ್ಮಾನ. ಅವರು ಬರೆದುಕೊಟ್ಟ ಮೇಲೆ ಮನೆಯಲ್ಲಿ ನಡೆಯಬೇಕಾದ ಕೆಲಸ ನಿಮ್ಮದು.

ಜ್ವರದ ಮಾತ್ರೆಯನ್ನು ಜ್ವರ ಇದ್ದಾಗ ನುಂಗಿ, ಇಳಿದ ಮೇಲೆ ಬಿಡುತ್ತೇವೆ. ಫಿಟ್ಸ್ ಮಾತ್ರೆ ಮಿದುಳಿನ ನರಕೋಶಗಳು ಒಟ್ಟಿಗೇ ಕೆರಳದಂತೆ ಹಗಲೂ ರಾತ್ರಿ ತಡೆಯುತ್ತಿರಬೇಕು. ಒಂದೊಂದು ಔಷಧ ದೇಹದಲ್ಲಿ ಉಳಿಯುವ ಅವಧಿ ಒಂದೊಂದು ಥರ. ಲೆವೆಟಿರಾಸಿಟಮ್ ಸುಮಾರು 6ರಿಂದ 8 ತಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಕೊಡುತ್ತಾರೆ, ಒಂದು ಹೊತ್ತು ತಪ್ಪಿದರೂ ಬೇಗ ಗೊತ್ತಾಗುತ್ತದೆ. ಫಿನೋಬಾರ್ಬಿಟೋನ್, ಅಂದರೆ ಗಾರ್ಡಿನಾಲ್, ಅರ್ಧಕ್ಕೆ ಇಳಿಯಲು ಮೂರು ನಾಲ್ಕು ದಿನ ಬೇಕು. ಹಾಗಾಗಿ ರಾತ್ರಿ ಒಂದೇ ಸಲ ಸಾಕು. ಆದರೆ ಇದನ್ನು ಏಕಾಏಕಿ ಬಿಟ್ಟವರು ಮೊದಲ ದಿನ ಏನೂ ಆಗಲಿಲ್ಲ ಎಂದು ನಿರಾಳವಾಗಿದ್ದು, ಕೆಲವು ದಿನಗಳ ಮೇಲೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಆಸ್ಪತ್ರೆ ಸೇರುತ್ತಾರೆ.

ಮೊದಲು ಚೀಟಿ ಓದಿಕೊಳ್ಳಿ

ವೈದ್ಯರ ಕೋಣೆಯಿಂದ ಎದ್ದು ಬರುವ ಮುಂಚೆಯೇ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ: ಔಷಧದ ಮೂಲ ಹೆಸರು, ಕಂಪನಿ ಇಟ್ಟ ಹೆಸರು, ಒಂದು ಮಾತ್ರೆಯಲ್ಲಿ ಎಷ್ಟು ಎಂ.ಜಿ., ಸಾದಾ ಮಾತ್ರೆಯೋ ನಿಧಾನವಾಗಿ ಕರಗುವುದೋ. 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 1-0-2 ಎಂದಿದ್ದರೆ ರಾತ್ರಿ ಎರಡು. ಇದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ. ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಶುರುವಿನಲ್ಲಿ ಡೋಸ್ ಹಂತಹಂತವಾಗಿ ಏರಿಸುತ್ತಾರೆ. ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಮೊದಲ ವಾರದ ಅರ್ಧ ಮಾತ್ರೆಯನ್ನೇ ತಿಂಗಳುಗಟ್ಟಲೆ ಮುಂದುವರಿಸುವವರಿದ್ದಾರೆ. ಅವರಿಗೆ ಔಷಧ ಮುಟ್ಟಬೇಕಾದ ಮಟ್ಟ ಮುಟ್ಟುವುದೇ ಇಲ್ಲ. ಬೇಗ ಗುಣವಾಗಲಿ ಎಂದು ಮೊದಲ ದಿನವೇ ಪೂರ್ತಿ ಡೋಸ್ ನುಂಗುವವರೂ ಇದ್ದಾರೆ. ಲ್ಯಾಮೊಟ್ರಿಜಿನ್‌ನಲ್ಲಂತೂ ಈ ಅವಸರ ಅಪಾಯದ್ದು: ವೇಗವಾಗಿ ಏರಿಸಿದರೆ ಚರ್ಮ ಸುಲಿದು ಬೀಳುವಂಥ ಅಲರ್ಜಿಯ ಸಂಭವ ಹೆಚ್ಚುತ್ತದೆ, ಜೊತೆಗೆ ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಯಾವ ತಾರೀಖಿನಿಂದ ಎಷ್ಟು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ.

ಹೆಸರು ಹೋಲುವ ಔಷಧಗಳಿವೆ. ಕಾರ್ಬಮಜೆಪಿನ್ ಬೇರೆ, ಆಕ್ಸ್‌ಕಾರ್ಬಜೆಪಿನ್ ಬೇರೆ. ಎರಡೂ ಫಿಟ್ಸ್ ಮಾತ್ರೆಗಳೇ, ಆದರೆ ಡೋಸ್ ಒಂದಲ್ಲ. ಲ್ಯಾಮೊಟ್ರಿಜಿನ್ ಫಿಟ್ಸಿನ ಮಾತ್ರೆ, ಲ್ಯಾಮಿವುಡಿನ್ ಎಚ್‌ಐವಿ ಮತ್ತು ಹೆಪಟೈಟಿಸ್-ಬಿ ಸೋಂಕಿಗೆ ಕೊಡುವುದು. ಅಂಗಡಿಯ ಕೌಂಟರಿನಲ್ಲಿ ನಿಂತಲ್ಲೇ ಸ್ಟ್ರಿಪ್ಪಿನ ಹಿಂದಿನ ಹೆಸರನ್ನೂ ಎಂ.ಜಿ.ಯನ್ನೂ ಹಳೆಯ ಸ್ಟ್ರಿಪ್ ಜೊತೆ ಹಿಡಿದು ನೋಡಿ. ಓದು ಬಾರದವರು ಹಳೆಯ ಖಾಲಿ ಸ್ಟ್ರಿಪ್ ಎಸೆಯದೆ ತೆಗೆದುಕೊಂಡು ಹೋಗಲಿ.

ಹೊತ್ತು ಮತ್ತು ನುಂಗುವ ರೀತಿ

ದಿನಕ್ಕೆರಡು ಸಲ ಅಂದರೆ 12 ತಾಸಿನ ಅಂತರ. ಬೆಳಿಗ್ಗೆ 8, ರಾತ್ರಿ 8 ಇಟ್ಟುಕೊಂಡರೆ ಹೊಲ, ಗಿರಣಿ, ಶಾಲೆ ಎಲ್ಲಕ್ಕೂ ಹೊಂದುತ್ತದೆ. ಬೆಳಿಗ್ಗೆ 10ಕ್ಕೆ ಒಂದು, ಸಂಜೆ 6ಕ್ಕೆ ಇನ್ನೊಂದು ತೆಗೆದುಕೊಂಡರೆ ರಾತ್ರಿ 16 ತಾಸು ಖಾಲಿ ಬೀಳುತ್ತದೆ. ನಸುಕಿನಲ್ಲಿ ಫಿಟ್ಸ್ ಬರುವವರಿಗೆ ಆ ಕೊನೆಯ ತಾಸುಗಳೇ ಕಷ್ಟದವು. ಅರ್ಧ ತಾಸು ಹಿಂದೆ ಮುಂದೆ ಆದರೆ ಗಾಬರಿ ಬೇಡ.

ಮೊಬೈಲ್ ಅಲಾರಂ ಒಳ್ಳೆಯದು. ಆದರೆ ಅಲಾರಂ ಹೊಡೆದಾಗ ಕೈಯಲ್ಲಿ ಹಿಟ್ಟಿದ್ದರೆ ಆಫ್ ಮಾಡಿ ಮರೆತುಬಿಡುತ್ತೇವೆ. ವಾರದ ಏಳು ಖಾನೆಯ ಡಬ್ಬಿ ಇದಕ್ಕಿಂತ ಮೇಲು, ಯಾಕೆಂದರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಖಾಲಿ ಖಾನೆಯೇ ಉತ್ತರ. ವಾಲ್ಪ್ರೊಯೇಟ್ ಮತ್ತು ಕಾರ್ಬಮಜೆಪಿನ್ ಮಾತ್ರೆಗಳು ಗಾಳಿಯ ತೇವ ಹೀರುತ್ತವೆ. ತೇವ ಕುಡಿದ ಕಾರ್ಬಮಜೆಪಿನ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಕರಗದೆ, ಶಕ್ತಿಯ ಮೂರನೇ ಒಂದು ಪಾಲಿನಷ್ಟು ಕಳೆದುಕೊಳ್ಳಬಹುದು. ಇವನ್ನು ಬಿಡಿಸಿ ಡಬ್ಬಿಗೆ ಸುರಿಯಬೇಡಿ; ಸ್ಟ್ರಿಪ್ಪನ್ನೇ ಕತ್ತರಿಯಿಂದ ತುಂಡು ಮಾಡಿ ಖಾನೆಗೆ ಹಾಕಿ. ಬಚ್ಚಲ ಗೂಡು, ಒಲೆಯ ಪಕ್ಕ, ಫ್ರಿಜ್ಜಿನ ತಲೆ ಈ ಮೂರೂ ಕಡೆ ಇಡಬಾರದು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟ ಮಾತ್ರೆಯನ್ನೂ ನೆಚ್ಚಬೇಡಿ. ಮಲಗುವ ಕೋಣೆಯ ಬೀರುವಿನಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಿ.

ಹೆಸರಿನ ಮುಂದೆ ಸಿಆರ್, ಇಆರ್, ಎಕ್ಸ್‌ಆರ್, ಕ್ರೋನೋ ಎಂದಿದ್ದರೆ ಅದು ದಿನವಿಡೀ ನಿಧಾನವಾಗಿ ಔಷಧ ಬಿಡುವ ಮಾತ್ರೆ. ಅದನ್ನು ಕುಟ್ಟಿ ಪುಡಿ ಮಾಡಿದರೆ, ಅಗಿದರೆ ಹಗಲಿನ ಪಾಲೆಲ್ಲ ಒಮ್ಮೆಗೇ ರಕ್ತಕ್ಕೆ ಇಳಿಯುತ್ತದೆ: ಮೊದಲು ತಲೆಸುತ್ತು, ತೂರಾಟ, ಆಮೇಲೆ ಡೋಸ್ ಸಾಲದೆ ಫಿಟ್ಸ್. ಕೆಲವನ್ನು ನಡುವಿನ ಗೆರೆಯ ಮೇಲೆ ಅರ್ಧ ಮಾಡಬಹುದು, ಕೆಲವನ್ನು ಮಾಡುವಂತಿಲ್ಲ. ಔಷಧಿಯವರನ್ನು ಕೇಳಿಯೇ ಮುರಿಯಿರಿ. ಮುದುಕರಿಗೆ, ಮಕ್ಕಳಿಗೆ ನುಂಗಲು ಆಗದಿದ್ದರೆ ಸಿರಪ್‌ಗೆ ಬದಲಿಸಲು ವೈದ್ಯರಿಗೆ ಹೇಳಿ. ವಾಲ್ಪ್ರೊಯೇಟ್ ಮತ್ತು ಕಾರ್ಬಮಜೆಪಿನ್ ಊಟದ ಜೊತೆ ಹೊಟ್ಟೆಗೆ ಒಗ್ಗುತ್ತವೆ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೂ ಫೆನಿಟಾಯಿನ್ ಎಂಬ ಫಿಟ್ಸ್ ಮಾತ್ರೆಗೂ ಎರಡು ತಾಸಿನ ಅಂತರವಿರಲಿ, ಇಲ್ಲದಿದ್ದರೆ ಮಾತ್ರೆ ಪೂರ್ತಿ ರಕ್ತ ಸೇರುವುದಿಲ್ಲ.

ಸಿರಪ್ ಬಾಟಲಿಯ ತಳ

ಫೆನಿಟಾಯಿನ್ ಸಿರಪ್ಪನ್ನು ರಾತ್ರಿಯಿಡೀ ನಿಲ್ಲಿಸಿಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ. ಮೇಲೆ ತೆಳು ನೀರು, ತಳದಲ್ಲಿ ದಪ್ಪ ಗಷ್ಟು. ಔಷಧ ಕರಗಿಲ್ಲ, ತೇಲುತ್ತಿದ್ದದ್ದು ಕೆಳಗೆ ಕೂತಿದೆ. ಅಲುಗಿಸದೆ ಸುರಿದರೆ ಬಾಟಲಿಯ ಮೊದಲ ಅರ್ಧದಲ್ಲಿ ಮಗುವಿಗೆ ಸಿಗುವುದು ಬರೀ ತೆಳು ನೀರು, ಆಗ ಫಿಟ್ಸ್ ಬರುತ್ತದೆ. ಕೊನೆಯ ಕೆಲವು ದಿನ ಗಷ್ಟು ಹೊಟ್ಟೆಗೆ ಹೋಗಿ ಮಗು ಓಲಾಡುತ್ತದೆ, ಕಣ್ಣುಗುಡ್ಡೆ ಅದುರುತ್ತವೆ, ಮಾತು ತೊದಲುತ್ತದೆ. ಇದು ಔಷಧ ಮಗುವಿಗೆ ಒಗ್ಗದ್ದಲ್ಲ, ಬಾಟಲಿ ಅಲುಗಿಸದ್ದರ ಫಲ. ಪ್ರತಿ ಸಲವೂ ತಳದ ಗಷ್ಟು ಕಾಣದಾಗುವವರೆಗೆ ಚೆನ್ನಾಗಿ ಅಲುಗಿಸಿ, ತಕ್ಷಣ ಅಳೆಯಿರಿ.

ಅಳೆಯುವುದು ಎಂ.ಎಲ್. ಗೆರೆಯಿರುವ ಸಿರಿಂಜಿನಿಂದ, ಸೂಜಿ ತೆಗೆದು. ಮನೆಯ ಚಮಚದಲ್ಲಿ ಒಂದಕ್ಕೆ 3 ಎಂ.ಎಲ್., ಇನ್ನೊಂದಕ್ಕೆ 7 ಎಂ.ಎಲ್. ಹಿಡಿಯುತ್ತದೆ. ಇನ್ನೊಂದು ಗಂಭೀರ ವಿಷಯ: ಫೆನಿಟಾಯಿನ್ ಸಿರಪ್ 5 ಎಂ.ಎಲ್.ಗೆ 30 ಎಂ.ಜಿ. ಇರುವುದೂ ಸಿಗುತ್ತದೆ, 5 ಎಂ.ಎಲ್.ಗೆ 125 ಎಂ.ಜಿ. ಇರುವುದೂ ಸಿಗುತ್ತದೆ. ಅಂಗಡಿ ಬದಲಾದಾಗ ಬಾಟಲಿ ಬದಲಾಗಿ, ‘ಅದೇ 5 ಎಂ.ಎಲ್.’ ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗಿಬಿಡುತ್ತದೆ. ಚೀಟಿಯಲ್ಲಿ ಎಂ.ಎಲ್. ಜೊತೆ ಎಂ.ಜಿ.ಯನ್ನೂ ಬರೆಸಿ, ಹೊಸ ಬಾಟಲಿಯ ಲೇಬಲ್ಲಿನೊಂದಿಗೆ ತಾಳೆ ನೋಡಿ. ಬಾಟಲಿ ತೆರೆದ ತಾರೀಖನ್ನು ಲೇಬಲ್ಲಿನ ಮೇಲೆ ಪೆನ್ನಿನಿಂದ ಬರೆದಿಡಿ.

ಫೆನಿಟಾಯಿನ್‌ಗೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಕಾರಣವಿದೆ. ಅಗ್ಗದ್ದು, ಹಳೆಯದು, ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವಂಥದ್ದು. ಆದರೆ ಇದನ್ನು ಒಡೆಯುವ ಲಿವರಿನ ಶಕ್ತಿಗೆ ಒಂದು ಮಿತಿ ಇದೆ. ಆ ಮಿತಿ ತಲುಪಿದ ಮೇಲೆ 25 ಅಥವಾ 50 ಎಂ.ಜಿ. ಹೆಚ್ಚಿಸಿದರೂ ರಕ್ತದಲ್ಲಿನ ಮಟ್ಟ ಒಂದೂವರೆ, ಎರಡು ಪಟ್ಟು ಜಿಗಿಯಬಹುದು. ‘ಒಂದು ಹೆಚ್ಚಿಗೆ ತಗೊಂಡ್ರೆ ಏನಾಗುತ್ತೆ’ ಎನ್ನುವ ಮಾತು ಈ ಮಾತ್ರೆಗೆ ಸಲ್ಲದು.

ಮರೆತರೆ, ವಾಂತಿಯಾದರೆ

ನೆನಪಾದ ಕೂಡಲೇ ತೆಗೆದುಕೊಳ್ಳಿ, ಮುಂದಿನ ಡೋಸಿಗೆ ಇನ್ನೂ ಸಾಕಷ್ಟು ಹೊತ್ತಿದ್ದರೆ. ದಿನಕ್ಕೆರಡು ಸಲದ ಮಾತ್ರೆಗೆ ಸುಮಾರು 6 ತಾಸು ಲೆಕ್ಕವಿಟ್ಟುಕೊಳ್ಳಬಹುದು: ಬೆಳಿಗ್ಗೆ 8ರದ್ದು ಮಧ್ಯಾಹ್ನ 1ಕ್ಕೆ ನೆನಪಾದರೆ ಆಗಲೇ ನುಂಗಿ, ರಾತ್ರಿಯದ್ದು ಎಂದಿನ ಹೊತ್ತಿಗೇ. ಸಂಜೆ 6ಕ್ಕೆ ನೆನಪಾದರೆ ಬೆಳಗಿನದ್ದನ್ನು ಬಿಟ್ಟು 8ಕ್ಕೆ ರಾತ್ರಿಯದ್ದು ಮಾತ್ರ. ಎರಡು ಹೊತ್ತಿನದ್ದನ್ನು ಸೇರಿಸಿ ನುಂಗಬೇಡಿ. ನಿಮ್ಮ ವೈದ್ಯರು ಬೇರೆ ಲೆಕ್ಕ ಹೇಳಿದ್ದರೆ ಅದೇ ನಡೆಯಲಿ. ಒಂದು ದಿನಕ್ಕಿಂತ ಹೆಚ್ಚು ತಪ್ಪಿದರೆ ಫೋನ್ ಮಾಡಿ ಕೇಳಿ. ಲ್ಯಾಮೊಟ್ರಿಜಿನ್ ಐದಾರು ದಿನ ತಪ್ಪಿದ್ದರೆ ಹಳೆಯ ಪೂರ್ತಿ ಡೋಸಿನಿಂದ ಶುರು ಮಾಡಬೇಡಿ. ಮತ್ತೆ ಕೆಳಗಿನಿಂದ ಏರಿಸಬೇಕಾಗಬಹುದು.

ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಮತ್ತೊಮ್ಮೆ ಕೊಡಬಹುದು. ಅದಕ್ಕಿಂತ ತಡವಾಗಿ ಆದರೆ ಮತ್ತೆ ಬೇಡ. ದಿನವಿಡೀ ವಾಂತಿ ಭೇದಿ ನಡೆದು ಎರಡು ಹೊತ್ತಿನದ್ದೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಲೆವೆಟಿರಾಸಿಟಮ್, ವಾಲ್ಪ್ರೊಯೇಟ್, ಫೆನಿಟಾಯಿನ್ ಈ ಮೂರೂ ಇಂಜೆಕ್ಷನ್ ರೂಪದಲ್ಲಿವೆ. ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಾಗ ಹಲವರು ಬೆಳಗಿನ ಫಿಟ್ಸ್ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ಸಾಮಾನ್ಯವಾಗಿ ಒಂದು ಗುಟುಕು ನೀರಲ್ಲಿ ನುಂಗಲು ಬಿಡುತ್ತಾರೆ; ಹಿಂದಿನ ದಿನವೇ ಅರಿವಳಿಕೆ ವೈದ್ಯರನ್ನು ಕೇಳಿ.

ಮುಗಿಯುವ ಮುನ್ನ ತರುವುದು

ದಿನಕ್ಕೆ ಎರಡು ಮಾತ್ರೆ ಅಂದರೆ ತಿಂಗಳಿಗೆ 60. ಹತ್ತರ ಸ್ಟ್ರಿಪ್ ಆದರೆ ಆರು, ಹದಿನೈದರದ್ದಾದರೆ ನಾಲ್ಕು. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದ್ದು ತನ್ನಿ. ಜಗಳೂರು, ಮೊಳಕಾಲ್ಮೂರಿನ ಹಳ್ಳಿಗಳಿಂದ ಪೇಟೆಗೆ ಬರುವವರಿಗೆ ಸಂತೆಯ ದಿನ ನೆನಪಿಗೆ ಅನುಕೂಲ. ಒಂದೇ ಅಂಗಡಿಯಲ್ಲಿ ಕೊಳ್ಳುವುದು ರೂಢಿಯಾದರೆ ಅವರು ನಿಮ್ಮ ಕಂಪನಿಯದನ್ನೇ ತರಿಸಿಡುತ್ತಾರೆ.

ಕಂಪನಿ ಬದಲಾಯಿಸುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಜನೌಷಧಿ ಕೇಂದ್ರದ ಜನರಿಕ್ ಮಾತ್ರೆಯಲ್ಲಿ ದೋಷವಿಲ್ಲ, ದುಡ್ಡಿನ ತಾಪತ್ರಯವಿರುವವರಿಗೆ ಅದೇ ಸರಿ. ಮಾತ್ರೆ ತಪ್ಪಿಸುವುದಕ್ಕಿಂತ ಅಗ್ಗದ ಮಾತ್ರೆ ಯಾವಾಗಲೂ ಮೇಲು. ಕೆಡಕು ಇರುವುದು ತಿಂಗಳಿಗೊಂದು ಕಂಪನಿ ಹಾರುವುದರಲ್ಲಿ. ಅದರಲ್ಲೂ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳಲ್ಲಿ ಕಂಪನಿಯಿಂದ ಕಂಪನಿಗೆ ಇರುವ ಸಣ್ಣ ವ್ಯತ್ಯಾಸವೂ ಕೆಲವರಿಗೆ ತಟ್ಟುತ್ತದೆ. ಯಾವುದಾದರೊಂದಕ್ಕೆ ಅಂಟಿಕೊಳ್ಳಿ, ಬದಲಿಸುವುದಾದರೆ ವೈದ್ಯರಿಗೆ ತಿಳಿಸಿ ಬದಲಿಸಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮೂರ್ಛೆರೋಗಕ್ಕೂ ಚಿಕಿತ್ಸೆ, ಮಾತ್ರೆ ಸಿಗುತ್ತದೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್‌ಗಳಲ್ಲಿ ವಿಚಾರಿಸಿ. ಬೋರ್ಡಿನ ಮೇಲೆ ‘ಮಾನಸಿಕ’ ಎಂದಿದೆ ಎಂದು ಹಿಂಜರಿಯಬೇಡಿ. ಫಿಟ್ಸ್ ಮಿದುಳಿನ ನರಗಳ ಕಾಯಿಲೆ, ಆ ಬಾಗಿಲಲ್ಲಿ ಔಷಧ ಸಿಗುತ್ತದೆ, ಅಷ್ಟೇ.

ಲೇಬಲ್ ಇಲ್ಲದ ಪುಡಿ, ಗುಳಿಗೆಗಳನ್ನು ‘ಫಿಟ್ಸ್ ಬೇರುಸಹಿತ ಹೋಗುತ್ತೆ’ ಎಂದು ಮಾರುವವರಿದ್ದಾರೆ. ಇಂಥವನ್ನು ಪರೀಕ್ಷೆ ಮಾಡಿದಾಗ ಫಿನೋಬಾರ್ಬಿಟೋನ್, ಫೆನಿಟಾಯಿನ್ ಬೆರೆಸಿರುವುದು ಸಿಕ್ಕಿದ್ದುಂಟು. ಅಳತೆ ಗೊತ್ತಿಲ್ಲದ ಅದೇ ಮಾತ್ರೆಯನ್ನು ದುಬಾರಿ ಬೆಲೆಗೆ ತಿಂದಂತೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಧುತ್ತೆಂದು ನಿಲ್ಲಿಸಬೇಡಿ, ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿ.

ಬೇರೆ ಔಷಧಗಳ ಜೊತೆ

ಕೆಮ್ಮು, ಬೇಧಿ, ಮೈಕೈ ನೋವು ಏನೇ ಇರಲಿ, ಡಾಕ್ಟರ ಮುಂದೆ ಕೂತ ಕೂಡಲೇ ಹೇಳಬೇಕಾದ ಮೊದಲ ಮಾತು: ನನಗೆ ಫಿಟ್ಸ್ ಮಾತ್ರೆ ನಡೆಯುತ್ತಿದೆ. ಯಾಕೆಂದರೆ ಬೇಧಿಗೆ ಸಲೀಸಾಗಿ ಕೊಡುವ ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ನೋವಿಗೆ ಕೊಡುವ ಟ್ರಮಡಾಲ್ ಇವು ಫಿಟ್ಸ್ ಕೆರಳಿಸಬಲ್ಲವು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಜೊತೆಗೂಡಿದರೆ ಕಾರ್ಬಮಜೆಪಿನ್ ಮಟ್ಟ ಏರಿ ತಲೆ ತಿರುಗುತ್ತದೆ. ಟಿಬಿ ಚಿಕಿತ್ಸೆ ಶುರುವಾದರೆ ಲೆಕ್ಕವೇ ಬದಲು: ರಿಫಾಂಪಿಸಿನ್ ಹಲವು ಫಿಟ್ಸ್ ಔಷಧಗಳ ಮಟ್ಟ ಇಳಿಸುತ್ತದೆ, ಐಸೋನಿಯಾಜಿಡ್ ಫೆನಿಟಾಯಿನ್, ಕಾರ್ಬಮಜೆಪಿನ್ ಮಟ್ಟ ಏರಿಸುತ್ತದೆ. ಎರಡು ಕಡೆಯ ವೈದ್ಯರಿಗೂ ಎರಡೂ ಚೀಟಿ ತೋರಿಸಿ. ವಾಲ್ಪ್ರೊಯೇಟ್ ನಡೆಯುತ್ತಿರುವವರು ಐಸಿಯು ಸೇರಿದರೆ ಮನೆಯವರು ಹೇಳಲೇಬೇಕು, ಯಾಕೆಂದರೆ ಮೆರೋಪೆನೆಮ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ಒಂದೆರಡು ದಿನದಲ್ಲೇ ವಾಲ್ಪ್ರೊಯೇಟ್ ಮಟ್ಟ ನೆಲ ಕಚ್ಚುತ್ತದೆ. ಜ್ವರಕ್ಕೆ ಸರಿಯಾದ ಅಳತೆಯ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೊಂದರೆಯಿಲ್ಲ.

ಶೀತಕ್ಕೆಂದು ಮಕ್ಕಳ ಮೂಗಿಗೆ ಕರ್ಪೂರದ ಎಣ್ಣೆ ಸವರುವುದು, ನೀಲಗಿರಿ ಎಣ್ಣೆ ಬಳಸುವುದು ನಮ್ಮ ಕಡೆ ರೂಢಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ತರುತ್ತದೆ, ನೀಲಗಿರಿ ಎಣ್ಣೆಗೂ ಆ ಗುಣವಿದೆ. ಫಿಟ್ಸ್ ಇರುವ ಮನೆಯಲ್ಲಿ ಎರಡನ್ನೂ ದೂರವಿಡಿ.

ಎಚ್ಚರದ ಗುರುತುಗಳು

ಮೊದಲ ಕೆಲವು ದಿನ ಮಂಪರು, ಸ್ವಲ್ಪ ತಲೆಸುತ್ತು ಇದ್ದೇ ಇರುತ್ತದೆ, ದೇಹ ಒಗ್ಗಿಕೊಂಡಂತೆ ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ಬೈಕ್, ಟ್ರ್ಯಾಕ್ಟರ್ ಮುಟ್ಟಬೇಡಿ. ಫೆನಿಟಾಯಿನ್‌ನಲ್ಲಿ ವಸಡು ಊದುವುದುಂಟು. ಹಲ್ಲು ಚೆನ್ನಾಗಿ ಉಜ್ಜಿದರೆ ಕಡಿಮೆ. ವಾಲ್ಪ್ರೊಯೇಟ್‌ನಲ್ಲಿ ಕೂದಲು ಉದುರುತ್ತದೆ, ತೂಕ ಏರುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಲೆವೆಟಿರಾಸಿಟಮ್ ಶುರು ಮಾಡಿದ ಮೇಲೆ ಸಮಾಧಾನದ ಮನುಷ್ಯ ಸಿಡುಕನಾದರೆ, ಮಂಕಾದರೆ ಅದು ಮಾತ್ರೆಯ ಪರಿಣಾಮವಿರಬಹುದು. ಮನೆಯವರು ಬೈಯುವ ಬದಲು ವೈದ್ಯರಿಗೆ ಹೇಳಿ. ಸಾಯಬೇಕು ಅನ್ನಿಸುವ ಮಾತು ಬಂದರೆ ಅವರನ್ನು ಒಬ್ಬರನ್ನೇ ಬಿಡದೆ ಅಂದೇ ಕರೆದುಕೊಂಡು ಹೋಗಿ.

ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ: ಮೈಮೇಲೆ ಕೆಂಪು ಗುಳ್ಳೆ ಎದ್ದು ಜತೆಗೆ ಜ್ವರ, ಬಾಯಿ ಹುಣ್ಣು, ಕಣ್ಣು ಕೆಂಪು, ಅದರಲ್ಲೂ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಮೂರರಲ್ಲೂ ಇದು ಜೀವಕ್ಕೆ ಅಪಾಯದ ಅಲರ್ಜಿಯಾಗಬಲ್ಲದು, ಮುಂದಿನ ಡೋಸಿಗೆ ಮುಂಚೆಯೇ ವೈದ್ಯರು ನೋಡಬೇಕು. ವಾಲ್ಪ್ರೊಯೇಟ್ ತೆಗೆದುಕೊಳ್ಳುವವರಲ್ಲಿ ಬಿಡದ ವಾಂತಿ, ಹೊಟ್ಟೆನೋವು, ಕಣ್ಣು ಹಳದಿ, ಅತಿಯಾದ ಮಂಪರು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಲಿವರಿನ ಈ ಅಪಾಯ ಹೆಚ್ಚು. ಕಾರ್ಬಮಜೆಪಿನ್ ತೆಗೆದುಕೊಳ್ಳುವ ವಯಸ್ಸಾದವರು, ಅದರಲ್ಲೂ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದವರು, ಗೊಂದಲಗೊಂಡು ಏನೇನೋ ಮಾತಾಡತೊಡಗಿದರೆ ರಕ್ತದ ಸೋಡಿಯಂ ಇಳಿದಿರಬಹುದು.

ರಕ್ತದಲ್ಲಿ ಔಷಧದ ಮಟ್ಟ ನೋಡಲು ಹೇಳಿದರೆ ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಟ್ಟು, ಆಮೇಲೆ ನುಂಗಿ. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಲ್ಯಾಬಿಗೆ ಹೋಗಿ.

ಹೆಣ್ಣುಮಕ್ಕಳಿಗೆ

ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಾ ಗರ್ಭಿಣಿಯಾದರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10ಕ್ಕೆ ಅಂಗದೋಷ, 30ರಿಂದ 40ಕ್ಕೆ ಬುದ್ಧಿ ಬೆಳವಣಿಗೆಯ ತೊಂದರೆ ಕಾಣುತ್ತದೆ. ಅದಕ್ಕೇ ಮಕ್ಕಳಾಗುವ ವಯಸ್ಸಿನವರಿಗೆ ಬೇರೆ ಔಷಧ ಹೊಂದುತ್ತದೆಯೇ ಎಂದು ಮದುವೆಗೂ ಮುಂಚೆಯೇ ಕೇಳಬೇಕು. ಗರ್ಭಿಣಿ ಎಂದು ಗೊತ್ತಾದ ದಿನ ಹೆದರಿ ಮಾತ್ರೆ ಎಸೆಯುವುದು ಇನ್ನೂ ದೊಡ್ಡ ಅಪಾಯ: ಫಿಟ್ಸ್ ಬಂದು ಬಿದ್ದರೆ ತಾಯಿಗೂ ಕೂಸಿಗೂ ಪೆಟ್ಟು. ಮಾತ್ರೆ ಮುಂದುವರಿಸಿ, ಆ ವಾರವೇ ನರರೋಗ ತಜ್ಞರನ್ನು ಕಾಣಿ. ಫೋಲಿಕ್ ಆಸಿಡ್ ಗರ್ಭ ನಿಲ್ಲುವ ಮುಂಚಿನಿಂದಲೇ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ 5 ಎಂ.ಜಿ. ಬರೆಯುತ್ತಾರೆ. ತಾಯಿ ಕಾರ್ಡಿನಲ್ಲಿ ಮಾತ್ರೆಯ ಹೆಸರು ಬರೆಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಬಸಿರಿನಲ್ಲಿ ಲ್ಯಾಮೊಟ್ರಿಜಿನ್ ಮಟ್ಟ ಇಳಿಯುವುದರಿಂದ ಡೋಸ್ ಏರಿಸುತ್ತಾರೆ, ಹೆರಿಗೆಯ ನಂತರ ಇಳಿಸಲು ಮರೆಯಬಾರದು. ಈ ಮಾತ್ರೆಗಳಲ್ಲಿ ಹೆಚ್ಚಿನವು ನಡೆಯುತ್ತಿರುವಾಗಲೂ ಮೊಲೆಹಾಲು ಕುಡಿಸಬಹುದು. ಬಾಣಂತಿಗೆ ರಾತ್ರಿ ನಿದ್ದೆ ಸಿಗುವಂತೆ ಅತ್ತೆಯೋ ತಾಯಿಯೋ ಒಂದು ಹೊತ್ತು ಕೂಸನ್ನು ನೋಡಿಕೊಳ್ಳಲಿ.

ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಇದ್ದಾಗ ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗುತ್ತದೆ. ಕಾಪರ್-ಟಿಗೆ ಈ ತೊಡಕಿಲ್ಲ.

ಮದುವೆಯ ಹೊಸದರಲ್ಲಿ ಗಂಡನ ಮನೆಯವರಿಗೆ ಗೊತ್ತಾಗದಿರಲಿ ಎಂದು ಮಾತ್ರೆ ಬಚ್ಚಿಡುವುದು, ತಪ್ಪಿಸುವುದು ನಡೆಯುತ್ತಲೇ ಇದೆ. ಮೂರ್ಛೆರೋಗ ಇದ್ದ ಮಾತ್ರಕ್ಕೆ ಮದುವೆ ಅಸಿಂಧು ಎನ್ನುವ ಕಾನೂನು 1999ರಲ್ಲೇ ಹೋಯಿತು. ಮಾತುಕತೆಯ ಹಂತದಲ್ಲೇ ಹೇಳಿಬಿಡುವುದು, ನಮ್ಮ ಪ್ರಕಾರ, ಆ ಹೆಣ್ಣುಮಗಳ ಮಾತ್ರೆ ತಪ್ಪದಂತೆ ಮಾಡುವ ಅತಿ ದೊಡ್ಡ ಕೆಲಸ.

ನಿದ್ದೆ, ಉಪವಾಸ, ತಲೆಸ್ನಾನ

ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂದಾಗ ಮೆಕ್ಕೆಜೋಳಕ್ಕೆ, ಈರುಳ್ಳಿಗೆ ನೀರು ಹಾಯಿಸಲು ಹೋಗುವುದು ಇಲ್ಲಿನ ರೈತರಿಗೆ ತಪ್ಪಿದ್ದಲ್ಲ. ಮಾತ್ರೆ ಸರಿಯಾಗಿದ್ದರೂ ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ. ಆ ಕೆಲಸವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಬೇಕು. ಅದು ಸಾಧ್ಯವೇ ಇಲ್ಲದಿದ್ದರೆ ಮಧ್ಯಾಹ್ನವಾದರೂ ಮಲಗಿ, ಒಬ್ಬರೇ ಹೋಗಬೇಡಿ, ಬಾವಿ, ಕೃಷಿಹೊಂಡದ ಅಂಚಿಗೆ ಹೋಗಬೇಡಿ. ಶಿವರಾತ್ರಿ ಜಾಗರಣೆ, ದುಗ್ಗಮ್ಮನ ಜಾತ್ರೆಯ ರಾತ್ರಿಗಳಿಗೂ ಇದೇ ಮಾತು. ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ನಿಲ್ಲುವ ಕೆಲಸ ಹತೋಟಿಗೆ ಬಾರದ ಫಿಟ್ಸ್ ಇರುವವರಿಗೆ ಬೇಡವೇ ಬೇಡ. ಅದೇ ಭಟ್ಟಿಯಲ್ಲಿ ತುಂಬುವ, ತೂಗುವ ಕೆಲಸ ಕೇಳಿ. ಕುಡಿತ ನಿದ್ದೆಯನ್ನೂ ಕೆಡಿಸುತ್ತದೆ, ಮಾತ್ರೆಯನ್ನೂ ಮರೆಸುತ್ತದೆ. ಡಿಎಲ್‌ಗೆ ಅರ್ಜಿ ಹಾಕುವಾಗ ಮೂರ್ಛೆರೋಗ ಇದೆಯೇ ಎಂದು ಕೇಳುವ ಪ್ರಶ್ನೆಗೆ ನಿಜ ಬರೆಯಿರಿ.

ಸೋಮವಾರ, ಏಕಾದಶಿ ಒಪ್ಪೊತ್ತು ಮಾಡುವವರು ಮಾತ್ರೆಯನ್ನು ನೀರಿನ ಜೊತೆ ನುಂಗಬಹುದು, ವ್ರತಕ್ಕೆ ಭಂಗವಿಲ್ಲ. ರಂಜಾನ್ ಉಪವಾಸಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ವೈದ್ಯರನ್ನು ಕಂಡರೆ ಸಹರಿ, ಇಫ್ತಾರ್ ಹೊತ್ತಿಗೆ ಹೊಂದುವಂತೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಲು ಸಾಧ್ಯವೇ ನೋಡುತ್ತಾರೆ. ಹತೋಟಿ ಇಲ್ಲದವರಿಗೆ ಉಪವಾಸ ಬೇಡ ಎಂದರೆ ಕೇಳಿ.

ಕರ್ನಾಟಕದಲ್ಲಿ ಹೆಚ್ಚು ದಾಖಲಾದ, ಬೇರೆ ಕಡೆ ಅಪರೂಪವಾದ ಒಂದು ಬಗೆ ಇದೆ: ತಲೆಯ ಮೇಲೆ ಬಿಸಿನೀರು ಸುರಿದಾಗ ಬರುವ ಫಿಟ್ಸ್. ನರಕ ಚತುರ್ದಶಿಯ ಎಣ್ಣೆಸ್ನಾನದಲ್ಲಿ, ಹಂಡೆಯ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ಸುರಿಯುವಾಗ ಮಗು ಒಮ್ಮೆಗೇ ಮಂಕಾಗಿ ನೋಡುತ್ತದೆ, ಬೀಳುತ್ತದೆ. ಇವರು ಉಗುರುಬೆಚ್ಚಗಿನ ನೀರು ಬಳಸಿ, ಮೊದಲು ಒದ್ದೆ ಬಟ್ಟೆಯಿಂದ ತಲೆ ಒರೆಸಿ, ಮೈ ಒಂದು ದಿನ ತಲೆ ಒಂದು ದಿನ ತೊಳೆಯಬೇಕು. ಬಚ್ಚಲ ಚಿಲಕ ಹಾಕಬಾರದು. ಕೆಲವರಿಗೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದು, ಒಂದೂವರೆ ತಾಸು ಮುಂಚೆ ಕ್ಲೊಬಜಾಮ್ ಎಂಬ ಫಿಟ್ಸ್ ಮಾತ್ರೆ ಕೊಡುತ್ತಾರೆ. ಹೊತ್ತು ಇಲ್ಲಿ ಮುಖ್ಯ: ಬಚ್ಚಲಿಗೆ ಹೋಗುತ್ತಾ ನುಂಗಿದರೆ ಉಪಯೋಗವಿಲ್ಲ. ನುಂಗಿದ ಮೇಲೆ ಮಂಪರು ಬರುವುದರಿಂದ ಆ ದಿನ ಗಾಡಿ ಓಡಿಸಬಾರದು.

ಮಾತ್ರೆ ನಡೆಯುವಾಗಲೂ ಫಿಟ್ಸ್ ಬಂದರೆ

ಗಡಿಯಾರ ನೋಡಿ. ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿಸಿ, ಕೊರಳ ಬಟ್ಟೆ ಸಡಿಲಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ. ಕಬ್ಬಿಣದ ಕೀಲಿಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಹಲ್ಲಿನ ನಡುವೆ ಚಮಚ ತುರುಕಬೇಡಿ. ಪೂರ್ತಿ ಎಚ್ಚರವಾಗುವ ತನಕ ನೀರನ್ನೂ ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತವೆ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಎರಡನೆಯದು ಬಂದರೆ, ಗರ್ಭಿಣಿಯಾಗಿದ್ದರೆ, ನೀರಲ್ಲಿ ಬಿದ್ದಿದ್ದರೆ 108ಕ್ಕೆ ಕರೆ ಮಾಡಿ.

ವೈದ್ಯರು ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ 5 ನಿಮಿಷಕ್ಕೆ ಅದು. ಒಂದೊಂದು ಕಂಪನಿಯ ಒಂದು ಒತ್ತಿಗೆ ಹೊರಬರುವ ಎಂ.ಜಿ. ಬೇರೆಬೇರೆ. ಹಾಗಾಗಿ ಯಾವ ಹೊಳ್ಳೆಗೆ ಎಷ್ಟು ಒತ್ತು ಎಂಬುದನ್ನು ಬಾಟಲಿಗೇ ಅಂಟಿಸಿಡಿ. ಹೊಸ ಬಾಟಲಿಯನ್ನು ಹನಿ ಹೊರಬರುವ ತನಕ ಗಾಳಿಗೆ ಕೆಲವು ಸಲ ಒತ್ತಿ ತಯಾರು ಮಾಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬೇಕಾದ ಗಳಿಗೆಯಲ್ಲಿ ಬರೀ ಗಾಳಿ ಬರುತ್ತದೆ. ಕೊಟ್ಟ ಮೇಲೆ ಉಸಿರಾಟ ಗಮನಿಸುತ್ತಾ ಪಕ್ಕದಲ್ಲೇ ಇರಿ. ಶಾಲೆಯ ಮೇಷ್ಟ್ರಿಗೂ ಇದನ್ನು ತೋರಿಸಿಕೊಡಿ. ತಾರೀಖು, ಹೊತ್ತು, ಎಷ್ಟು ನಿಮಿಷ, ಹಿಂದಿನ ದಿನ ಮಾತ್ರೆ ನಿದ್ದೆ ಹೇಗಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ. ಡೋಸ್ ಬದಲಿಸಲು ಇದಕ್ಕಿಂತ ಉಪಯುಕ್ತ ಮಾಹಿತಿ ವೈದ್ಯರಿಗೆ ಬೇರೆ ಇಲ್ಲ.

ನಿಲ್ಲಿಸುವ ವಿಚಾರ

ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಬರದಿದ್ದರೆ ವೈದ್ಯರು ಇಳಿಸುವ ಯೋಚನೆ ಮಾಡುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಹರೆಯದಲ್ಲಿ ಶುರುವಾಗಿ, ಬೆಳಿಗ್ಗೆ ಎದ್ದಾಗ ಕೈ ಒಮ್ಮೆಗೇ ಎಗರಿ ಲೋಟ ಜಾರಿ ಬೀಳುವ ಬಗೆಯ ಮೂರ್ಛೆಯಲ್ಲಿ ನಿಲ್ಲಿಸಿದರೆ ಮರುಕಳಿಸುವುದೇ ಹೆಚ್ಚು, ಅವರಿಗೆ ಬಹುಕಾಲ ಬೇಕಾಗುತ್ತದೆ. ಇಳಿಸುವುದು ತಿಂಗಳುಗಟ್ಟಲೆಯ ಕೆಲಸ, ಎರಡು ಔಷಧ ಇದ್ದರೆ ಒಂದಾದ ಮೇಲೊಂದು. ಫಿನೋಬಾರ್ಬಿಟೋನ್, ಕ್ಲೊಬಜಾಮ್ ಆದರೆ ಇನ್ನೂ ನಿಧಾನ. ಪ್ರತಿ ಹಂತದ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆಯ ತಿಂಗಳು, ಮನೆಯಲ್ಲಿ ಮದುವೆ, ಸುಗ್ಗಿ ಇರುವಾಗ ಶುರು ಮಾಡಬೇಡಿ. ಇಳಿಸುತ್ತಿರುವ ಅಷ್ಟೂ ತಿಂಗಳು, ಪೂರ್ತಿ ನಿಂತ ಮೇಲೂ ಆರು ತಿಂಗಳು ಗಾಡಿ ಓಡಿಸುವುದು, ಕೆರೆಯಲ್ಲಿ ಈಜುವುದು, ತೆಂಗು ಅಡಿಕೆ ಮರ ಹತ್ತುವುದು ಬೇಡ. ಉಳಿದ ಮಾತ್ರೆಯ ಒಂದು ಸ್ಟ್ರಿಪ್ಪನ್ನು ಮನೆಯಲ್ಲೇ ಇಟ್ಟುಕೊಳ್ಳಿ. ನಡುವೆ ಫಿಟ್ಸ್ ಬಂದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ ಡೋಸಿಗೆ ಆ ರಾತ್ರಿಯೇ ಮರಳಬಹುದು.